ಯಜಮಾನರ ಎಡಗಾಲು

ನನ್ನ ಬಲಗಾಲಿಗೊಂದು ಕೆಟ್ಟ ಚಾಳಿ ಇದೆ. ಯಾರದೇ ಕಾರಾಗಲಿ, ಮುಂದಿನ ಸೀಟಿನಲ್ಲಿ ಕೂತರೆ ಸಾಕು, ಅದು ಮೆಲ್ಲಗೆ ಚಪ್ಪಲಿ ಬಿಟ್ಟು ಮುಂದಕ್ಕೆ ಚಾಚಿಕೊಳ್ಳುತ್ತದೆ. ಗಾಡಿ ಹೊರಡುವ ಹೊತ್ತಿಗೆ ಸರಿಯಾಗಿ ಕೆಳಗಿನ ಮ್ಯಾಟನ್ನು ಗಟ್ಟಿಯಾಗಿ ಒತ್ತುತ್ತದೆ. ಒತ್ತಿದ್ದು ಒತ್ತಿದ ಹಾಗೇ, ಮೀನಖಂಡ ನೋಯುವವರೆಗೂ ಬಿಡುವುದಿಲ್ಲ. ಪಕ್ಕದಲ್ಲಿ ಕೂತು ಇಲ್ಲದ ಬ್ರೇಕು ಒತ್ತುವ ಪುಕ್ಕಲರನ್ನು ನೀವು ಕಂಡಿರುತ್ತೀರಿ. ನಾನು ಆ ಪೈಕಿ ಅಲ್ಲ. ಕಾರಿನಲ್ಲಿ ಹೆದರಬೇಕಾದ್ದನ್ನೆಲ್ಲ ಎಪ್ಪತ್ತರ ದಶಕದಲ್ಲೇ ಹೆದರಿ ಮುಗಿಸಿದ್ದೇನೆ.

ಈಗ ಈ ಕಾಲಿನ ಮಾತು ಯಾಕೆ ಬಂತೆಂದರೆ, ಮೊನ್ನೆ ನನ್ನ ಮಗಳು ಹೊಸ ಕಾರು ತಂದಳು. ಮಂಡ್ಯದಲ್ಲೇ ಕಾಲೇಜಿನಲ್ಲಿ ಪಾಠ ಹೇಳುವವಳು, ಮನೆಯಲ್ಲಿ ನನಗೂ ಅದೇ ಧಾಟಿಯಲ್ಲಿ ಹೇಳುತ್ತಾಳೆ. “ಅಮ್ಮಾ, ಇದರಲ್ಲಿ ಕ್ಲಚ್ಚೇ ಇಲ್ಲ ಗೊತ್ತಾ? ಗೇರು ತಾನಾಗೇ ಬದಲಾಗತ್ತೆ. ಎಡಗಾಲಿಗೆ ಕೆಲಸಾನೇ ಇಲ್ಲ” ಅಂದಳು. “ಹೌದಾ!” ಎಂದು ಬಾಯಿ ಬಿಟ್ಟೆ. ಇವಳು ಹುಟ್ಟುವುದಕ್ಕೂ ಮುಂಚೆ ನಮ್ಮ ಮನೆಯ ಮುಂದಿನ ಹೊಂಗೆ ಮರದಡಿ ಇಂಥದೇ ಒಂದು ಗಾಡಿ ನಿಂತಿತ್ತು ಎನ್ನಬಹುದಿತ್ತು. ಆದರೆ ಮಕ್ಕಳು ಅಷ್ಟು ಖುಷಿಯಿಂದ ಹೇಳುವಾಗ ನನಗೆ ಗೊತ್ತು ಅಂತ ಮೂಗು ತೂರಿಸುವುದು ಚೆನ್ನಾಗಿರುವುದಿಲ್ಲ. ನನ್ನನ್ನು ಕೂರಿಸಿಕೊಂಡು ಹೊರಟಳು. ಬೀದಿ ದಾಟುವಷ್ಟರಲ್ಲಿ ಅವಳ ಕಣ್ಣು ನನ್ನ ಕಾಲಿನ ಮೇಲೆ ಬಿತ್ತು.

“ಅದೇನಮ್ಮ ಅಲ್ಲಿ ತುಳಿತಿದೀಯ? ಅಲ್ಲೇನೂ ಇಲ್ಲ.”

“ಗೊತ್ತು ಕಣೇ” ಅಂದೆ.

ಗೊತ್ತು ಅಂದೆನೇ ಹೊರತು ಕಾಲು ತೆಗೆಯಲಿಲ್ಲ.

ನಮ್ಮ ಯಜಮಾನರ ವಿಷಯ ನಿಮಗೆ ಹೇಳಬೇಕು. ಹೆಸರು ಮಾತ್ರ ಕೇಳಬೇಡಿ. ಅವರಿದ್ದಾಗ ಹೆಸರು ಹಿಡಿದು ಹೇಳುವ ಪದ್ಧತಿ ಇರಲಿಲ್ಲ, ಹೋದ ಮೇಲೆ ಹೇಳೋಣವೆಂದರೆ ನಾಲಿಗೆ ಏಳುವುದಿಲ್ಲ. ಅವರೂ ನನ್ನ ಹೆಸರು ಹಿಡಿದು ಕರೆದವರಲ್ಲ. ನಾನು “ರೀ”, ಅವರು “ಇವಳೇ”. ಇಷ್ಟರಲ್ಲೇ ಸಂಸಾರ ನಡೆಯಿತು. ಚಿಕ್ಕಂದಿನಲ್ಲಿ ಜ್ವರ ಬಂದು ಅವರ ಎಡಗಾಲು ಸೊರಗಿ ಹೋಗಿತ್ತು. ನಡೆಯುವಾಗ ಎಡಗೈಯನ್ನು ತೊಡೆಗೆ ಊರಿಕೊಂಡು, ಹೆಜ್ಜೆಗೊಮ್ಮೆ ಬಗ್ಗಿ ನಡೆಯುತ್ತಿದ್ದರು. ಕೆಲಸ ಮಂಡ್ಯದ ಕರೆಂಟ್ ಆಫೀಸಿನಲ್ಲಿ. ಮಂಡ್ಯ ಆಗ ಸೈಕಲ್ಲುಗಳ ಊರು. ಸಕ್ಕರೆ ಫ್ಯಾಕ್ಟರಿಯ ಕಾಕಂಬಿಯ ವಾಸನೆ ತುಂಬಿದ ಬೀದಿಗಳಲ್ಲಿ ಬೆಳಗ್ಗೆ ಸಂಜೆ ಬರೀ ಗಂಟೆಗಳ ಸದ್ದು. ಸೈಕಲ್ ತುಳಿಯಲಾರದವರು ಇವರೊಬ್ಬರೇ ಏನೋ ಅನ್ನಿಸುತ್ತಿತ್ತು. ಆಫೀಸಿನ ಜವಾನ ಬೋರಯ್ಯ ದಿನಾ ಬಂದು ಇವರನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ. ಒಳ್ಳೆಯ ಮನುಷ್ಯ, ಒಂದು ದಿನವೂ ಬೇಸರಿಸಿದವನಲ್ಲ. ಇವರಿಗೆ ಮಾತ್ರ ಅದು ಆಗುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಒಂದು ದಿನ ಷರಟಿನ ಗುಂಡಿ ಹಾಕಿಕೊಳ್ಳುತ್ತಾ, “ರಾಗಿ ಮೂಟೆ ಹೊರಡ್ತು ಮಿಲ್ಲಿಗೆ” ಅಂದರು. ನಗಿಸುವುದಕ್ಕೇ ಅಂದದ್ದು. ನನಗೆ ನಗು ಬರಲಿಲ್ಲ.

ಮಂಡ್ಯಕ್ಕೆ ವರ್ಗವಾಗಿ ಬರುವ ಮೊದಲು ಅವರು ಶಿವನಸಮುದ್ರದ ಪವರ್ ಹೌಸಿನಲ್ಲಿದ್ದರು. ಅಲ್ಲಿ ಒಬ್ಬ ದೊಡ್ಡ ಎಂಜಿನಿಯರ ಹತ್ತಿರ ಅಮೆರಿಕದ ಹಳೆಯ ಕಾರಿತ್ತು. ಕೆಳಗೆ ಹಸಿರು, ಮೇಲೆ ಕೆನೆ ಬಣ್ಣ, ಕಲ್ಯಾಣಿಯಷ್ಟು ಉದ್ದ. ಮುಂದಿನ ಸೀಟು ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ ಬೆಂಚು. ಆ ಗಾಡಿಯ ಮಹಿಮೆ ಏನೆಂದರೆ ಅದಕ್ಕೆ ಕ್ಲಚ್ಚಿರಲಿಲ್ಲ. ಸ್ಟೇರಿಂಗಿನ ಕುತ್ತಿಗೆಯ ಹಿಡಿಯನ್ನು ಒಮ್ಮೆ ಸರಿಸಿದರೆ ಮುಗಿಯಿತು, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತಿತ್ತು. ಬಲಗಾಲು ಒಂದಿದ್ದರೆ ಸಾಕು. ಎಂಜಿನಿಯರು ಕಾಲೋನಿಯ ರಸ್ತೆಯಲ್ಲಿ ಇವರಿಗೆ ಓಡಿಸಲು ಕಲಿಸಿದರು. ಪೆಟ್ರೋಲಿನ ಬೆಲೆ ಗಗನಕ್ಕೇರಿ, ಅಂಥ ಹೊಟ್ಟೆಬಾಕ ಗಾಡಿಯನ್ನು ಯಾರೂ ಮೂಸದ ಕಾಲ ಬಂದಾಗ, ನಿವೃತ್ತರಾದ ಅವರು ಅದನ್ನು ಇವರಿಗೇ ಕೊಟ್ಟುಬಿಟ್ಟರು. ನಮ್ಮ ಕೈಗೆ ಎಟುಕುವ ಬೆಲೆ ಎನ್ನುವುದಕ್ಕಿಂತ, ದುಡ್ಡು ಕೊಟ್ಟು ಕೊಂಡೆವು ಅನ್ನಿಸಿಕೊಳ್ಳಲು ಒಂದು ಬೆಲೆ.

ಆ ಗಾಡಿ ಬಂದ ದಿನದಿಂದ ನಮ್ಮ ಯಜಮಾನರು ಬೇರೆ ಮನುಷ್ಯರಾದರು. ಸ್ಟೇರಿಂಗಿನ ಹಿಂದೆ ಕೂತರೆ ಕಾಲು ಯಾರಿಗೂ ಕಾಣುತ್ತಿರಲಿಲ್ಲ, ಅವರಿಗೂ ಮರೆತು ಹೋಗುತ್ತಿತ್ತು. ಬೋರಯ್ಯನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಆಫೀಸಿಗೆ ಹೋಗುವರು. ಕೂತಾಗ ಬೆನ್ನು ನೆಟ್ಟಗಿರುತ್ತಿತ್ತು. ನಾನೂ ನಮ್ಮತ್ತೆಯೂ ಎಲ್ಲಿಗಾದರೂ ಹೊರಟರೆ ಹಿಂದಿನ ಸೀಟು. ಮುಂದಿನ ಬೆಂಚು ಗಂಡಸರಿಗೆ, ಗಂಡಸರಿಲ್ಲದಿದ್ದರೆ ಖಾಲಿ. ಆಗಿನ ರಿವಾಜೇ ಅದು, ನಮಗೂ ಬೇರೆ ಥರ ಯೋಚನೆ ಬಂದಿರಲಿಲ್ಲ. ಹಿಂದಿನಿಂದ ನನಗೆ ಕಾಣುತ್ತಿದ್ದದ್ದು ಅವರ ಎಣ್ಣೆ ಹಾಕಿ ಬಾಚಿದ ತಲೆ, ಕಾಲರಿನ ಅಂಚು, ಕನ್ನಡಿಯಲ್ಲಿ ಎರಡು ಕಣ್ಣು.

ಅಂಥ ಗಾಡಿಯನ್ನು ಹಾಳು ಮಾಡಿದ್ದು ಯಾರ ಕೇಡುಬುದ್ಧಿಯೂ ಅಲ್ಲ. ನಮ್ಮ ಸೀಮೆಯ ಮರ್ಯಾದೆ.

ಮಳವಳ್ಳಿ ಕಡೆ ಒಂದು ಬೀಗರೂಟಕ್ಕೆ ಹೋಗಿದ್ದೆವು. ನಮ್ಮ ಕಡೆ ಮದುವೆಗೆ ಹೋಗದಿದ್ದರೂ ಕ್ಷಮಿಸುತ್ತಾರೆ, ಬೀಗರೂಟ ತಪ್ಪಿಸಿದರೆ ಮಾತು ಬಿಡುತ್ತಾರೆ. ಮುದ್ದೆ, ಮಾಂಸದ ಸಾರು ಗಡದ್ದಾಗಿ ಹೊಡೆದು ಹೊರಟ ಗಾಡಿ ಮದ್ದೂರು ಇನ್ನೂ ದೂರವಿರುವಾಗಲೇ ಗೊರಗೊರ ಅಂದು ನಿಂತಿತು. ಪೆಟ್ರೋಲಿನ ಮುಳ್ಳು ಕೆಟ್ಟು ಎಷ್ಟೋ ದಿನವಾಗಿತ್ತು. ಹಿಂದಿನಿಂದ, ಮದ್ದೂರಿನ ಕಡೆಯ ನೆಂಟರನ್ನೆಲ್ಲ ಟ್ರೈಲರಿನಲ್ಲಿ ತುಂಬಿಕೊಂಡು, ಗಂಡಿನ ಚಿಕ್ಕಪ್ಪ ನಿಂಗೇಗೌಡರ ಟ್ರ್ಯಾಕ್ಟರು ಬಂತು.

“ಪೆಟ್ರೋಲ್ ಮುಗೀತು ಗೌಡ್ರೆ. ಯಾರಾದ್ರೂ ಮದ್ದೂರಿಂದ ಒಂದ್ ಕ್ಯಾನ್ ತಂದ್ಕೊಟ್ರೆ ಸಾಕು” ಅಂದರು ಇವರು.

“ಕ್ಯಾನು ಯಾಕ್ ಸಾರ್? ನಮ್ಮನೆ ಊಟ ಉಂಡ್ ನೆಂಟ್ರು ದಾರೀಲಿ ನಿಂತ್ರೆ ನಮ್ ಮಾನ ಉಳಿತದಾ? ಲೇ, ಅಗ್ಗ ತಕ್ಕಬನ್ರಲಾ!”

ಹಗ್ಗ ಕಟ್ಟಿಯೇಬಿಟ್ಟರು. ಟ್ರೈಲರಿನಲ್ಲಿ ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡ ಹೆಂಗಸರು ನಮ್ಮ ಕಡೆಗೇ ಮುಖ ಮಾಡಿ ಕೂತಿದ್ದರು. ನಮ್ಮತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಅಷ್ಟು ದೂರದಿಂದಲೇ ಅವರ ಸೊಸೆಯರ ಬಸಿರು ಬಾಣಂತನವನ್ನೆಲ್ಲ ವಿಚಾರಿಸಿಕೊಂಡರು. ಯಜಮಾನರು ಸ್ಟೇರಿಂಗ್ ಹಿಡಿದು ದಾರಿಯಲ್ಲಿ ಸಿಕ್ಕವರಿಗೆಲ್ಲ ಕೈ ಬೀಸಿದರು. ಮದ್ದೂರಿನ ಬಂಕಿನಲ್ಲಿ ನೋಡಿದರೆ ‘ಪೆಟ್ರೋಲ್ ಇಲ್ಲ’ ಎಂದು ಹಲಗೆ ತೂಗುತ್ತಿತ್ತು. ಇಲ್ಲೇ ಬಿಟ್ಟು ಹೋಗಿ ಗೌಡರೇ, ಬಸ್ಸು ಹಿಡಿಯುತ್ತೇವೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. “ಇಲ್ಲಿ ಬುಟ್ಟು ಓದ್ರೆ ನಮ್ಮವ್ವ ನನ್ನ ಮನೆ ಒಳೀಕೆ ಸೇರ್ಸಕಿಲ್ಲ” ಎಂದರು. ನೆಂಟರನ್ನು ಇಳಿಸಿ, ಹಗುರಾದ ಟ್ರೈಲರಿನ ಹಿಂದೆ ನಮ್ಮನ್ನು ಕಟ್ಟಿಕೊಂಡು, ಮಂಡ್ಯದ ಮನೆ ಬಾಗಿಲವರೆಗೆ ಉತ್ಸಾಹದಿಂದ ಎಳೆದು ತಂದು ನಿಲ್ಲಿಸಿದರು. ಕಾಫಿ ಕುಡಿದು, ಬಾನೆಟ್ಟು ತಟ್ಟಿ, “ಒಳ್ಳೆ ಗಾಡಿ” ಎಂದು ಹೇಳಿ ಹೋದರು.

ಮಾರನೆಯ ದಿನ ಪೆಟ್ರೋಲು ಹಾಕಿ ಶುರು ಮಾಡಿದರೆ ಎಂಜಿನ್ನು ಗುಡುಗಿತು. ಹಿಡಿ ಸರಿಸಿದರು, ಗಾಡಿ ಅಲ್ಲಾಡಲಿಲ್ಲ. ಮತ್ತೆ ಸರಿಸಿದರು. ಎಂಜಿನ್ನು ಬೊಬ್ಬೆ ಹೊಡೆಯಿತು, ಚಕ್ರ ಒಂದು ಗೇಣೂ ಉರುಳಲಿಲ್ಲ.

ಗುತ್ತಲು ರಸ್ತೆಯಲ್ಲಿ ಬಷೀರ್ ಸಾಬರ ಷೆಡ್ಡು. ಗಾಡಿ ರಿಪೇರಿಗಿಂತ ಮಾತಿನಲ್ಲಿ ಜೋರು, ಆದರೆ ಎದೆಯಲ್ಲಿ ಕಲ್ಮಷವಿಲ್ಲದ ಮನುಷ್ಯ. ಬಿಚ್ಚಿ ನೋಡಿ ತಲೆ ಮೇಲೆ ಕೈ ಹೊತ್ತು ಕೂತರು. “ಅಮ್ಮಾ, ನಮ್ ಬಸ್ಸು ಲಾರಿ ಗೇರ್ ಬಾಕ್ಸ್ ಬಿಚ್ಚಿದ್ರೆ ಹಲ್ಲು ಕಾಣ್ತವೆ. ಇದ್ರೊಳ್ಗೆ ಬರೀ ಕರುಳು ಐತೆ. ಎಲ್ಲಾ ಸೀದೋಗೈತೆ ಕಣಮ್ಮ.” ಬೆಂಗಳೂರಿನಲ್ಲಿ ಯಾರನ್ನೋ ಕೇಳಿಕೊಂಡು ಬಂದು ಆಮೇಲೆ ಹೇಳಿದರು: ಇಂಥ ಗಾಡಿಯನ್ನು ಹಗ್ಗ ಕಟ್ಟಿ ದೂರ ಎಳೆಯಬಾರದಂತೆ. ಎಂಜಿನ್ನು ಓಡದಿದ್ದರೆ ಗೇರ್ ಬಾಕ್ಸಿನೊಳಗೆ ಎಣ್ಣೆ ಹರಿಯುವುದಿಲ್ಲವಂತೆ. ಚಕ್ರ ಉರುಳಿದಷ್ಟೂ ಒಳಗೆ ಒಣಗಿ ಒಣಗಿ ಸುಟ್ಟುಹೋಯಿತು. ಇದನ್ನು ನಾವು ನಿಂಗೇಗೌಡರಿಗೆ ಯಾವತ್ತೂ ಹೇಳಲಿಲ್ಲ. ಸಿಕ್ಕಾಗಲೆಲ್ಲ ಅವರು “ಅವತ್ತು ನಾ ಬರ‍್ದೇ ಇದ್ದಿದ್ರೆ ಏನ್ ಗತಿ ಸಾರ್?” ಅನ್ನುತ್ತಿದ್ದರು. ಇವರು “ಹೌದು ಗೌಡ್ರೆ” ಅಂದು ನನ್ನನ್ನು ಕಾಫಿಗೆ ಕಳಿಸುತ್ತಿದ್ದರು.

ಅಂಥ ಗೇರ್ ಬಾಕ್ಸು ಬೊಂಬಾಯಿಯಲ್ಲೂ ಸಿಗಲಿಲ್ಲ. ಕೊನೆಗೆ ಬಷೀರ್ ಸಾಬರು, ಅದನ್ನು ಇಳಿಸಿ ನಮ್ಮ ದೇಶದ ಯಾವುದಾದರೂ ಹಳೇ ಕಾರಿನ ಗೇರ್ ಬಾಕ್ಸು ಕೂರಿಸುತ್ತೇನೆ ಎಂದರು. “ಗೇರ್ ಹಿಡಿ ಸ್ಟೇರಿಂಗ್ ಹತ್ರಾನೇ ಬರ‍್ತದೆ ಸಾರ್. ಒಂದು ಕ್ಲಚ್ ಪೆಡಲ್ ಮಾತ್ರ...” ಎಂದವರು ಇವರ ಕಾಲು ನೋಡಿ ಮಾತು ನುಂಗಿಕೊಂಡರು. ಯಜಮಾನರೇ “ಹಾಕಿ ಸಾಬ್ರೇ, ಗಾಡಿಯಾದ್ರೂ ಓಡ್ಲಿ” ಅಂದರು. ಕ್ಲಚ್ಚಿಗೆ ಕೈಯಲ್ಲಿ ಎಳೆಯುವ ಸಲಾಕೆ ಮಾಡಿಕೊಡುತ್ತೇನೆಂದು ಸಾಬರು ಆಣೆ ಮಾಡಿದರು, ಮಾಡಿಯೂ ಕೊಟ್ಟರು. ಆದರೆ ಬಲಗೈ ಸ್ಟೇರಿಂಗಿಗೆ, ಎಡಗೈ ಗೇರಿಗೆ, ಸಲಾಕೆಗೆ ಮೂರನೆಯ ಕೈ ಎಲ್ಲಿಂದ ತರುವುದು? ಮೊದಲ ತಿರುವಿನಲ್ಲೇ ಗಾಡಿ ಹೋಗಿ ಒಂದು ಹುಲ್ಲಿನ ಮೆದೆಯನ್ನು ತಬ್ಬಿಕೊಂಡಿತು. ಸಾಬರು ಸಲಾಕೆ ಕಿತ್ತರು, ಪೆಡಲ್ಲು ಉಳಿಯಿತು. ಆಮೇಲೆ ಒಬ್ಬ ಡ್ರೈವರನ್ನು ಇಟ್ಟೆವು. ಯಜಮಾನರು ಹಿಂದಿನ ಸೀಟಿನಲ್ಲಿ ಮಂಡಿ ಜೋಡಿಸಿ ಕೂತು ಆಫೀಸಿಗೆ ಹೋದರು. ವಾರ ಕಳೆಯುವುದರೊಳಗೆ ಅವನನ್ನು ಬಿಡಿಸಿ, ಬೋರಯ್ಯನ ಸೈಕಲ್ಲಿಗೇ ಹೇಳಿ ಕಳಿಸಿದರು. ಕಾರಣ ಹೇಳಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಹೊರಗೆ ಬಂದು ನೋಡಿದರೆ ಅವರು ನಿಂತ ಗಾಡಿಯಲ್ಲಿ ಸುಮ್ಮನೆ ಕೂತಿದ್ದರು. ಗಾಜು ಒರೆಸಲು ಹೋದವರು, ಬಟ್ಟೆ ತೊಡೆಯ ಮೇಲಿತ್ತು, ಎರಡು ಕೈಯೂ ಸ್ಟೇರಿಂಗಿನ ಮೇಲೆ. ಹೊಂಗೆ ಹೂವು ಉದುರಿ ಬಾನೆಟ್ಟಿನ ಮೇಲೆಲ್ಲ ಬಿದ್ದಿತ್ತು. ಆ ಮುಖವನ್ನು ನನಗೆ ನೋಡಲಾಗಲಿಲ್ಲ. ಕಣ್ಣು ಕೆಳಗೆ ಮಾಡಿದೆ. ಪೆಡಲ್ಲುಗಳು ಕಂಡವು. ಕ್ಲಚ್ಚಿನದು ಎಲ್ಲಕ್ಕಿಂತ ಎಡಗಡೆ, ಬೆಂಚಿನ ನಡುವಿನಲ್ಲಿ ಕೂತವರ ಬಲಗಾಲಿಗೆ ನೇರ.

ಇಲ್ಲಿ ನಮ್ಮಮ್ಮನ ಹೊಲಿಗೆ ಮೆಷಿನ್ನಿನ ಕತೆ ಹೇಳದಿದ್ದರೆ ನಿಮಗೆ ಅರ್ಥವಾಗದು. ನನ್ನ ತವರು ದುದ್ದ. ನಮ್ಮಮ್ಮ ಊರಿನವರಿಗೆಲ್ಲ ಕುಪ್ಪಸ ಹೊಲಿದು ಕೊಡುತ್ತಿದ್ದಳು. ಅವಳಿಗೆ ಮಂಡಿನೋವು ಬಂದು ಮೆಷಿನ್ನು ತುಳಿಯಲಾಗದೆ ಹೋದಾಗ ನನಗಿನ್ನೂ ಲಂಗದ ವಯಸ್ಸು. ಪಕ್ಕದಲ್ಲಿ ಒಂದು ಮೊರದಷ್ಟು ಜಾಗದಲ್ಲಿ ನನ್ನನ್ನು ಕೂರಿಸಿಕೊಂಡು, ಬಟ್ಟೆ ತಾನು ಹಿಡಿದು, ಕಾಲು ನನ್ನಿಂದ ಆಡಿಸುತ್ತಿದ್ದಳು. “ತುಳಿ” ಅಂದರೆ ತುಳಿಯಬೇಕು, “ಬುಡು” ಅಂದರೆ ಬಿಡಬೇಕು. ತೋಳಿನ ತಿರುವು ಬಂದಾಗ ಮೆತ್ತಗೆ. ತಪ್ಪಿದರೆ ತಲೆ ಮೇಲೆ ಗಜಕಡ್ಡಿ. ದುದ್ದದ ಹೆಂಗಸರು ಮೈಗೆ ಸರಿಯಾಗಿ ಕುಪ್ಪಸ ತೊಟ್ಟಿದ್ದರೆ ಅದರಲ್ಲಿ ನನ್ನ ಬಲಗಾಲಿನ ಪಾಲೂ ಇದೆ.

ನಾನು ಹೋಗಿ ಆ ಕಡೆಯ ಬಾಗಿಲು ತೆಗೆದು, ಜರುಗಿ ಜರುಗಿ ಅವರ ಪಕ್ಕಕ್ಕೇ ಬಂದು ಕೂತೆ. ಅವರು ಬೆಚ್ಚಿ ಬೀದಿಯ ಕಡೆ ನೋಡಿದರು.

“ಇವಳೇ, ಏನಿದು? ಯಾರಾದ್ರೂ ನೋಡಿದ್ರೆ?”

“ನೋಡ್ಲಿ. ನೀವು ಹೇಳಿ, ನಾನು ತುಳೀತೀನಿ” ಅಂದೆ.

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಜಗಲಿಯ ಮೇಲಿದ್ದ ನಮ್ಮತ್ತೆ ಮಾತ್ರ ಸುಮ್ಮನಿರಲಿಲ್ಲ. “ನಮ್ ಕಾಲ್ದಲ್ಲಿ ಗಂಡನ್ ಪಕ್ಕ ಕುಂತ್ಕಳಾದು ಅಂದ್ರೆ ಅಸೆಮಣೆ ಮ್ಯಾಲೆ ಒಂದೇ ದಪ ಕಣವ್ವ. ನೀನು ಸಂತೆ ಬೀದೀಲಿ ಒತ್ಕಂಡ್ ಕುಂತ್ಕಂಡು ಓಯ್ತೀನಿ ಅಂತೀಯಲ್ಲ!”

ಕಲಿತದ್ದು ನಾಲೆ ಏರಿಯ ಮೇಲೆ. ಯಜಮಾನರು ಶುರುವಿಗೆ “ಕ್ಲಚ್ ಡೌನ್”, “ಕ್ಲಚ್ ಅಪ್” ಎಂದು ಇಂಗ್ಲಿಷಿನಲ್ಲಿ ಅಪ್ಪಣೆ ಕೊಟ್ಟರು. ನಾನು ಗಾಬರಿಯಲ್ಲಿ ಒಂದಕ್ಕೆ ಇನ್ನೊಂದು ಮಾಡಿದೆ. ಗಾಡಿ ಕಪ್ಪೆಯ ಹಾಗೆ ಕುಪ್ಪಳಿಸಿ ನಿಂತಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಒಗೆಯುವುದನ್ನು ಬಿಟ್ಟು ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದರು. “ಅವೆಲ್ಲ ಬೇಡ. ತುಳಿ ಅನ್ನಿ, ಬುಡು ಅನ್ನಿ. ನಮ್ಮಮ್ಮ ಅಂತಿದ್ದ ಹಾಗೆ” ಅಂದೆ. ಆಫೀಸಿನಲ್ಲಿ ಮಾತನ್ನು ಇಸ್ತ್ರಿ ಮಾಡಿ ಆಡುವ ಮನುಷ್ಯ, ನಾಚಿಕೊಂಡೇ “ತುಳಿ” ಅಂದರು. ತುಳಿದೆ. ನನ್ನ ಕಾಲುಂಗುರ ಪೆಡಲ್ಲಿಗೆ ತಾಗಿ ಟಿಣ್ ಅಂದಿತು. ಗೇರು ಹಾಕಿದರು. “ಬುಡು... ಮೆಲ್ಲಗೆ ಬುಡು...” ಗಾಡಿ ನೀರಿನ ಮೇಲೆ ಜಾರಿದ ಹಾಗೆ ಹೊರಟಿತು. ದಡದ ಮೇಲಿನ ಒಬ್ಬಾಕೆ, “ಅಕ್ಕಾ, ಗಂಡ ಎಂಡ್ತಿ ಇಬ್ರೂ ಸೇರ‍್ಕಂಡು ಓಡುಸ್ತಾವ್ರೆ ನೋಡು!” ಎಂದು ಕೂಗಿದಳು. ಯಜಮಾನರು ನಕ್ಕರು. ಗಾಡಿ ಕೆಟ್ಟ ಮೇಲೆ ನಾನು ನೋಡಿದ ಮೊದಲನೆಯ ನಗು.

ಅಂದಿನಿಂದ ನನಗೊಂದು ಉದ್ಯೋಗ ಸಿಕ್ಕಿತು. ಬೆಳಗ್ಗೆ ಅವರ ಜೊತೆ ಆಫೀಸಿಗೆ ಹೋಗಿ, ಗಾಡಿ ನಿಲ್ಲಿಸಿ, ನಡೆದುಕೊಂಡು ಮನೆಗೆ ಬರುವುದು. ಸಂಜೆ ಆಫೀಸು ಬಿಡುವ ಹೊತ್ತಿಗೆ ಸೀರೆ ಬದಲಾಯಿಸಿ, ಹೂ ಮುಡಿದು, ಮತ್ತೆ ನಡೆದು ಹೋಗಿ ಗೇಟಿನ ಹತ್ತಿರ ನಿಲ್ಲುವುದು. ನನ್ನನ್ನು ಕಂಡ ಕೂಡಲೇ ಬೋರಯ್ಯ ಒಳಗೆ ಹೋಗಿ, “ಸಾರ್, ನಿಮ್ ಎಡ್ಗಾಲು ಬಂತು ಸಾರ್” ಅನ್ನುತ್ತಿದ್ದ. ಮೊದಲ ಸಲ ಅಂದಾಗ ನಾನು ಗೇಟಿನ ಪಕ್ಕದ ಕಿಟಕಿಯಿಂದ ಇವರ ಮುಖವನ್ನೇ ನೋಡಿದೆ. ಇವರು ಪೆನ್ನು ಮುಚ್ಚಿ ಜೇಬಿಗಿಟ್ಟುಕೊಂಡು, “ಕೂರಕ್ಕೆ ಹೇಳು, ಬಂದೆ” ಅಂದರು.

ಜಗಳವಾಡಿದರೂ ಗಾಡಿಯಲ್ಲೇ. ಒಮ್ಮೆ ಮದ್ದೂರು ಬಸ್‌ಸ್ಟ್ಯಾಂಡಿನ ಮುಂದೆ ನನ್ನ ಅಣ್ಣನ ಬಗ್ಗೆ ಏನೋ ಹಗುರವಾಗಿ ಅಂದರು. ನಾನು ಕಾಲು ಸರಕ್ಕನೆ ಎಳೆದುಕೊಂಡು ಸೀಟಿನ ಮೇಲೆ ಮಡಚಿ ಕೂತೆ. ಗಾಡಿ ಒದರಿ ನಿಂತಿತು.

“ತುಳಿ.”

“ತುಳಿಯಲ್ಲ.”

“ಇವಳೇ, ಹಿಂದೆ ಬಸ್ಸು.”

“ಇರ‍್ಲಿ.”

ಕಂಡಕ್ಟರ್ ಇಳಿದು ಬಂದು ಬಗ್ಗಿ ನೋಡಿದ. ಸ್ಟೇರಿಂಗು ಒಬ್ಬರ ಕೈಯಲ್ಲಿ, ಮುನಿಸು ಇನ್ನೊಬ್ಬರ ಮುಖದಲ್ಲಿ. ಅವನಿಗೆ ಎಲ್ಲ ತಿಳಿದು ಹೋಯಿತು. “ಅಮ್ಮಾ, ಬಸ್ ತುಂಬ ಜನ ಕಾಯ್ತಾವ್ರೆ. ಒಸಿ ಮನಸ್ ಮಾಡಿ” ಎಂದು ಕೈ ಮುಗಿದ. ಯಜಮಾನರು ಮುಂದಿನ ಗಾಜನ್ನೇ ನೋಡುತ್ತಾ, “ನಿಮ್ಮಣ್ಣ ಒಳ್ಳೆಯವನು. ತುಳಿ” ಅಂದರು. ತುಳಿದೆ.

ಇನ್ನೊಂದು ಸಂಜೆ ಇದೆ, ಅದನ್ನು ಹೇಳುವುದೋ ಬೇಡವೋ ಗೊತ್ತಾಗುತ್ತಿ‍ಲ್ಲ. ಹೇಳುವಂಥದ್ದು ಏನೂ ನಡೆಯಲಿಲ್ಲ. ತಾವು ಕೆಲಸ ಮಾಡಿದ ಜಾಗ ತೋರಿಸುತ್ತೇನೆಂದು ನನ್ನನ್ನು ಶಿವನಸಮುದ್ರಕ್ಕೆ ಕರೆದುಕೊಂಡು ಹೋಗಿದ್ದರು. ಗಾಡಿ ಓಡಿಸಲು ಕಲಿತ ಕಾಲೋನಿಯ ರಸ್ತೆ, ಕೆಳಗೆ ಪವರ್ ಹೌಸಿನ ಗುಂಯ್ ಅನ್ನುವ ಸದ್ದು, ಎಲ್ಲ ನೋಡಿಕೊಂಡು ವಾಪಸು ಹೊರಟೆವು. ಮಳವಳ್ಳಿ ದಾಟಿ ಎಷ್ಟೋ ದೂರ ಬಂದ ಮೇಲೆ ನನಗೆ ಹೊಳೆಯಿತು. ಬಹಳ ಹೊತ್ತಿನಿಂದ ಅವರು ತುಳಿ ಅಂದಿಲ್ಲ, ಬುಡು ಅಂದಿಲ್ಲ. ಅವರ ತೋಳು ನನ್ನ ತೋಳಿಗೆ ಒತ್ತಿಕೊಂಡಿತ್ತು. ಗೇರಿಗೆ ಕೈ ಏಳುವ ಮೊದಲೇ ಆ ತೋಳು ಬಿಗಿಯುತ್ತಿತ್ತು, ನನ್ನ ಕಾಲು ತಾನಾಗಿ ಇಳಿಯುತ್ತಿತ್ತು. ಕಬ್ಬಿನ ಗದ್ದೆಗಳ ಮೇಲೆ ಬಿಸಿಲು ಕೆಂಪಾಗಿತ್ತು. ನಾನು ಉಸಿರು ಗಟ್ಟಿಯಾಗಿ ಬಿಡಲಿಲ್ಲ. ಮಾತಾಡಿದರೆ ಕೆಟ್ಟುಹೋಗುತ್ತದೆ ಅನ್ನಿಸಿತ್ತು. ಬದುಕಿನಲ್ಲಿ ನನಗೇನೂ ಕೊರತೆಯಾಗಿಲ್ಲ, ಆದರೆ ಆ ಮಳವಳ್ಳಿ ರಸ್ತೆಯಲ್ಲಿ ಇದ್ದಷ್ಟು ಸುಖವಾಗಿ ನಾನು ಮತ್ತೆಂದೂ ಇರಲಿಲ್ಲ. ಮದ್ದೂರು ಬಂತು, ಎದುರಿಗೆ ಎತ್ತಿನ ಗಾಡಿ ಅಡ್ಡ ಬಂತು, ಅವರು “ತುಳಿ ತುಳಿ!” ಎಂದು ಕೂಗಿದರು.

ಹೀಗೆ ವರ್ಷಗಳು ಕಳೆದವು. ಆ ದಶಕ ಮುಗಿಯುತ್ತಾ ಬಂದಿರಬೇಕು, ಒಂದು ಬೆಳಗ್ಗೆ ಬಷೀರ್ ಸಾಬರು ಬೀದಿ ಕೊನೆಯಿಂದಲೇ ಕೂಗಿಕೊಂಡು ಬಂದರು. “ಸಾರ್! ಸಿಕ್ತು ಸಾರ್! ಅದೇ ಪೆಟ್ಗೆ!” ಬೆಂಗಳೂರಿನ ಗುಜರಿಯಲ್ಲಿ ನಮ್ಮದರ ಜೊತೆಯದೇ ಒಂದು ಕಾರು, ಮುಂಭಾಗ ಜಜ್ಜಿಹೋದದ್ದು, ಬಂದು ಬಿದ್ದಿತ್ತಂತೆ. ಗೇರ್ ಬಾಕ್ಸಿಗೆ ಏನೂ ಆಗಿರಲಿಲ್ಲ. ತಮ್ಮ ಕೈ ಸಲಾಕೆ ಸೋತದ್ದು ಸಾಬರಿಗೆ ಇಷ್ಟು ವರ್ಷ ಚುಚ್ಚುತ್ತಿತ್ತೆಂದು ಕಾಣುತ್ತದೆ, ಅವರ ಕಣ್ಣಲ್ಲಿ ನೀರೇ ಬಂದಿತ್ತು. “ಇನ್ಮೇಲೆ ಸಾರ್ ಒಬ್ರೇ ಓಡಾಡ್ಬೋದು ಕಣಮ್ಮ. ಯಾರ‍್ನೂ ಕಾಯಂಗಿಲ್ಲ.”

ನಾನು ಯಜಮಾನರ ಮುಖ ನೋಡಿದೆ. ಸ್ಕೂಲಿಗೆ ರಜಾ ಸಿಕ್ಕ ಹುಡುಗನ ಮುಖ. ಅದು ಒಂದು ಕ್ಷಣ ಹಾಗೆ ಬೆಳಗಿ, ಆಮೇಲೆ ನನ್ನ ಕಡೆ ತಿರುಗದೆ ಗೋಡೆ ನೋಡಿತು. ಅವರು ಏನಾದರೂ ಅನ್ನುವ ಮೊದಲೇ ನಾನು “ಹಾಕಿಸಿ” ಅಂದೆ. ಮನಸಾರೆಯೇ ಅಂದೆ. ರಾಗಿ ಮೂಟೆಯ ಮಾತನ್ನು ನಾನು ಮರೆತಿರಲಿಲ್ಲ. ಹೆಂಡತಿಯಾದರೂ ಸರಿ, ಇನ್ನೊಬ್ಬರು ಬರುವವರೆಗೆ ಕೂತಿರಬೇಕಾದ ಸಂಕಟ ಅವರಿಗೆ ಗೊತ್ತು, ನನಗೂ ಗೊತ್ತು. ಒಳಗೆ ಹೋಗಿ ಸಾಬರಿಗೆ ಕಾಫಿ ತಂದುಕೊಟ್ಟೆ. ಅವರು ಒಂದು ಗುಟುಕು ಕುಡಿದು, “ಅಮ್ಮಾ, ಸಕ್ಕರೆ ಫ್ಯಾಕ್ಟ್ರಿ ಊರಲ್ಲಿ ಸಕ್ಕರೆ ಇಲ್ವಾ?” ಅಂದರು.

ಗಾಡಿ ತಂದು ಒಪ್ಪಿಸಿದ ದಿನ ಸಾಬರು ಗೊಣಗಿಕೊಂಡರು. “ಆ ಕ್ಲಚ್ ಪೆಡಲ್ ಕಿತ್ತಾಕ್ತೀನಿ ಅಂದೆ, ಸಾರ್ ಬೇಡ ಅಂದ್ರು. ಯಾತಕ್ಕೂ ಸೇರಿಲ್ಲ ಅದು, ಸುಮ್ಕೆ ಸ್ಪ್ರಿಂಗ್ ಮ್ಯಾಲೆ ನಿಂತೈತೆ.” ಮುಗಿದ ಟಾರ್ಚ್ ಸೆಲ್ಲುಗಳನ್ನೂ ಎಸೆಯದೆ ಡಬ್ಬಿಯಲ್ಲಿ ತುಂಬಿಡುವ ಮನುಷ್ಯ, ಇದೂ ಅದೇ ಜಿಪುಣತನ ಎಂದುಕೊಂಡೆ.

ಸೋಮವಾರ ಅವರು ಒಬ್ಬರೇ ಗಾಡಿ ತೆಗೆದು ಹೊರಟರು. ಬೆನ್ನು ನೆಟ್ಟಗಿತ್ತು. ತಿರುವಿನಲ್ಲಿ ಕೈ ಬೀಸಿದರು. ನನಗೆ ನಿಜವಾಗಿ ಸಂತೋಷವಾಯಿತು, ಆ ಸಂತೋಷದಲ್ಲೇ ಮಧ್ಯಾಹ್ನದವರೆಗೆ ಮನೆಯೆಲ್ಲ ಗುಡಿಸಿ ಸಾರಿಸಿದೆ. ಸಂಜೆಯಾಯಿತು. ಸೀರೆ ಬದಲಾಯಿಸಿ ಹೂ ಮುಡಿದು ಬೀದಿ ಕೊನೆಯವರೆಗೆ ಹೋದ ಮೇಲೆ ನೆನಪಾಯಿತು. ಸುಮ್ಮನೆ ವಾಪಸು ಬರಲು ನಾಚಿಕೆಯಾಗಿ ಅಂಗಡಿಯಲ್ಲಿ ಕೊತ್ತಂಬರಿ ಕೊಂಡೆ. ಮನೆಯಲ್ಲಿ ಕೊತ್ತಂಬರಿ ಇತ್ತು. ಅವರು ದಿನಕ್ಕಿಂತ ಮುಂಚೆಯೇ ಬಂದರು. “ಬೇಗ ಬಂದ್ರಿ” ಅಂದೆ. “ಯಾರಿಗೂ ಕಾಯೋ ಹಾಗಿಲ್ವಲ್ಲ” ಅಂದರು. ಅವರು ಹಾಗೇ ಸಹಜವಾಗಿ ಅಂದದ್ದು. ನಾನು ಒಳಗೆ ಹೋಗಿ ಬೇಡದ ಕೊತ್ತಂಬರಿಯನ್ನೆಲ್ಲ ಹೆಚ್ಚಿದೆ, ಕಣ್ಣು ಒರೆಸಿಕೊಳ್ಳಲು ನೆವಕ್ಕೆ ಒಂದು ಈರುಳ್ಳಿಯನ್ನೂ ಹೆಚ್ಚಿದೆ. ಆ ವಾರವೆಲ್ಲ ಹೀಗೇ ಹೋಯಿತು. ಸಂಜೆಯಾದರೆ ಕಾಲಿಗೆ ಕೆಲಸವಿಲ್ಲ, ಮನಸ್ಸಿಗೆ ನೆಲೆಯಿಲ್ಲ.

ಭಾನುವಾರ ದುದ್ದಕ್ಕೆ ನಮ್ಮಮ್ಮನನ್ನು ನೋಡಲು ಹೊರಟೆವು. ನಮ್ಮತ್ತೆ ಮೊದಲೇ ಹಿಂದೆ ಹತ್ತಿ ಕೂತಿದ್ದರು. ನಾನು ಮುಂದಿನ ಬಾಗಿಲಿಗೆ ಕೈ ಹಾಕಲು ಹೋಗಿ, ತಡೆದು, ಹಿಂದಿನ ಬಾಗಿಲು ತೆಗೆದು ಅವರ ಪಕ್ಕ ಕೂತೆ. ಕ್ಲಚ್ಚಿಲ್ಲದ ಗಾಡಿಯಲ್ಲಿ ನನ್ನ ಜಾಗ ಅದೇ ತಾನೇ. ಎದುರಿಗೆ ಮತ್ತೆ ಅದೇ ಎಣ್ಣೆ ಹಾಕಿ ಬಾಚಿದ ತಲೆ, ಅದೇ ಕಾಲರಿನ ಅಂಚು. ಎಂಜಿನ್ನು ಶುರುವಾಯಿತು. ಗಾಡಿ ಹೊರಡಲಿಲ್ಲ.

“ಯಾಕ್ಲಾ, ತಿರ‍್ಗಾ ಕೆಟ್ಟೋಯ್ತಾ?” ಅಂದರು ನಮ್ಮತ್ತೆ.

“ಇಲ್ಲ ಕಣವ್ವ.”

“ಮತ್ತೆ?”

ಯಜಮಾನರು ಹಿಂದೆ ತಿರುಗಲಿಲ್ಲ. ಕನ್ನಡಿಯಲ್ಲಿ ಅವರ ಕಣ್ಣು ನನ್ನನ್ನೇ ನೋಡುತ್ತಿದ್ದವು. “ಎಡಗಾಲು ಹೋಗಿ ಹಿಂದಿನ ಸೀಟಲ್ಲಿ ಕೂತ್ರೆ ಗಾಡಿ ಹೆಂಗೆ ಓಡ್ತದೆ?” ಅಂದರು.

ನಾನು ಕದಲಲಿಲ್ಲ, ಕದಲಲಾಗಲಿಲ್ಲ. ನಮ್ಮತ್ತೆ ಮೊಣಕೈಯಿಂದ ತಿವಿದು, “ಓಗವ್ವ, ಮುಂದಕ್ಕೋಗು. ಒತ್ತಾಯ್ತದೆ” ಅಂದರು. ಇಳಿದು ಹೋಗಿ, ಮುಂದಿನ ಬಾಗಿಲು ತೆಗೆದು, ಜರುಗಿ ಜರುಗಿ ನಡುವಿಗೆ ಬಂದು ಕೂತೆ. ಪೆಡಲ್ಲು ಅಲ್ಲೇ ಇತ್ತು. ಚಪ್ಪಲಿ ಬಿಟ್ಟೆ.

“ತುಳಿ” ಅಂದರು.

ತುಳಿದೆ. ಟಿಣ್ ಅಂದಿತು. ಅದರ ಕೆಳಗೆ ಏನೂ ಇರಲಿಲ್ಲ, ಹತ್ತಿಯ ಮೇಲೆ ಕಾಲಿಟ್ಟಷ್ಟು ಹಗುರ. ಅವರು ಹಿಡಿ ಸರಿಸಿದರು. “ಬುಡು... ಮೆಲ್ಲಗೆ ಬುಡು...” ಮೆಲ್ಲಗೆ ಬಿಟ್ಟೆ. ಗಾಡಿ ಅದರ ಪಾಡಿಗೆ ಅದು ಹೊರಟಿತು.

ಅದು ಬೇಕಿರಲಿಲ್ಲ ಎಂದು ಅವರೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಆಫೀಸಿಗೆ ಅವರೊಬ್ಬರೇ ಹೋಗಿ ಬರುತ್ತಿದ್ದರು. ನಾನು ಜೊತೆಗಿದ್ದರೆ ಮಾತ್ರ, ಆ ಗಾಡಿ ಇದ್ದಷ್ಟು ಕಾಲವೂ, ನಾನು ತುಳಿಯದೆ ಅದು ಹೊರಟದ್ದಿಲ್ಲ. ಅವರು ಹೋದ ಮೇಲೆ, ಮಗಳಿಗಿನ್ನೂ ಬುದ್ಧಿ ತಿಳಿಯುವ ಮೊದಲೇ, ಮೈಸೂರಿನ ಯಾರೋ ಬಂದು ಅದನ್ನು ಕೊಂಡರು. ಒಳಗೆಲ್ಲ ಬಗ್ಗಿ ನೋಡಿ, “ಈ ಪೆಡಲ್ ಯಾಕಿದೆ? ಏನಕ್ಕೂ ಸೇರಿಲ್ಲವಲ್ಲ” ಎಂದು ಕೇಳಿದರು. “ನನಗೇನು ಗೊತ್ತು ಸ್ವಾಮಿ” ಅಂದೆ.

ಮೊನ್ನೆ ಮಗಳ ಹೊಸ ಕಾರು ಹೆದ್ದಾರಿಗೆ ಸೇರುವ ಹೊತ್ತಿಗೆ ನನ್ನ ಮೀನಖಂಡ ಜುಮುಗುಡುತ್ತಿತ್ತು. “ಅಮ್ಮಾ, ಇನ್ನೂ ತುಳಿದುಕೊಂಡೇ ಇದೀಯಲ್ಲ. ಕಾಲು ನೋಯತ್ತೆ, ತೆಗಿ” ಅಂದಳು. ತೆಗೆಯಬಹುದು. ತುಳಿಯುವ ಹೊತ್ತು ನನಗೆ ಈಗಲೂ ತಿಳಿಯುತ್ತದೆ, ಅದಕ್ಕೆ ಯಾರೂ ಹೇಳಬೇಕಾಗಿಲ್ಲ. ಬಿಡುವುದಕ್ಕೆ ಮಾತ್ರ, ಅವರು “ಬುಡು” ಅನ್ನಲಿ ಎಂದು ಕಾಯುತ್ತಾ ಕೂತಿರುತ್ತೇನೆ.